ಇಂಪಿಂಗ್ಟನ್ ಗ್ರಾಮ ಕಾಲೇಜು

ಶಾಲೆಯ ಕಟ್ಟಡಕ್ಕೆ ಒಂದು ವಿಚಿತ್ರವಾದ ದುರದೃಷ್ಟವಿದೆ. ಊರವರ ಹಣದಿಂದ ಎದ್ದ ಕಟ್ಟಡಗಳಲ್ಲಿ ಬಹುಮಟ್ಟಿಗೆ ಅದೇ ದೊಡ್ಡದು. ಆದರೂ ಸಂಜೆ ಮಕ್ಕಳು ಮನೆಗೆ ಹೊರಟರೆ ಅದಕ್ಕೆ ಬೀಗ ಬಿತ್ತೆಂದೇ ಅರ್ಥ. ಓದು ಮುಗಿಸಿ ಹೊರಬಿದ್ದವನಿಗೆ ಮತ್ತೆ ಅದರ ಹೊಸ್ತಿಲು ತುಳಿಯುವ ಕಾರಣ ಒದಗುವುದು ತನ್ನ ಮಗನನ್ನೋ ಮಗಳನ್ನೋ ಸೇರಿಸಲು ಹೋಗುವ ದಿನ. ಇದು ಹೀಗೆಯೇ ಇರಬೇಕೆ ಎಂದು ಕೇಳಿದ ಒಬ್ಬ ಶಿಕ್ಷಣಾಧಿಕಾರಿ ಇಂಗ್ಲೆಂಡಿನಲ್ಲಿದ್ದನು. ಹೆಸರು ಹೆನ್ರಿ ಮಾರಿಸ್. ಆತನ ಪ್ರಶ್ನೆಗೆ ಇಟ್ಟಿಗೆ ಗಾಜುಗಳಲ್ಲಿ ದೊರೆತ ಉತ್ತರವೇ ಕೇಂಬ್ರಿಜ್ ನಗರದ ಉತ್ತರಕ್ಕೆ ಮೂರು ನಾಲ್ಕು ಮೈಲಿ ದೂರದಲ್ಲಿರುವ ಇಂಪಿಂಗ್ಟನ್ ಗ್ರಾಮ ಕಾಲೇಜು. ಕಾಲೇಜು ಎಂಬ ಹೆಸರಿದ್ದರೂ ಅದು ನಮ್ಮ ಅರ್ಥದ ಕಾಲೇಜಲ್ಲ. ಸರ್ಕಾರದ ಹಣದಿಂದ ನಡೆಯುವ ಪ್ರೌಢಶಾಲೆ.

ಮಾರಿಸ್ ಹುಟ್ಟಿದ್ದು 1889ರಲ್ಲಿ, ಸೌತ್‌ಪೋರ್ಟ್ ಎಂಬ ಕಡಲತಡಿಯ ಊರಿನಲ್ಲಿ. ತಂದೆ ನಲ್ಲಿಕೊಳವೆಗಳ ಕೆಲಸಗಾರ. ಹುಡುಗ ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಸ್ಥಳೀಯ ಪತ್ರಿಕೆಯೊಂದರ ಕಚೇರಿಯಲ್ಲಿ ಚಾಕರಿಗೆ ಸೇರಿದನು. ಆಮೇಲೆ ಸ್ವಪ್ರಯತ್ನದಿಂದ ಓದಿ, ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದು, ಕೇಂಬ್ರಿಜ್‌ನಲ್ಲಿ ತತ್ತ್ವಶಾಸ್ತ್ರದ ವ್ಯಾಸಂಗ ಮುಗಿಸಿ, 1922ರಲ್ಲಿ ಕೇಂಬ್ರಿಜ್‌ಷೈರ್ ಕೌಂಟಿಯ ಶಿಕ್ಷಣ ಕಾರ್ಯದರ್ಶಿಯಾದನು. ತನ್ನ ಬಡತನದ ಬಾಲ್ಯವನ್ನು ಆತ ಯಾರಲ್ಲಿಯೂ ಆಡಿಕೊಳ್ಳುತ್ತಿರಲಿಲ್ಲವಂತೆ. ಆದರೆ ಹದಿನಾಲ್ಕಕ್ಕೆ ಮುಚ್ಚಿದ ಆ ಬಾಗಿಲನ್ನು ಆತ ಮರೆತಿರಲಾರನೆಂದು ನನಗೆ ತೋರುತ್ತದೆ.

ಆ ಕೌಂಟಿ ಬಡ ರೈತರ ನಾಡು. ಜಗತ್ತಿನ ವಿದ್ವಾಂಸರು ಬಂದು ಸೇರುವ ವಿಶ್ವವಿದ್ಯಾಲಯ ಒಂದು ಕಡೆ. ಅದರಿಂದ ಕೂಗಳತೆಯಲ್ಲೇ, ಒಂದೆರಡು ಕೊಠಡಿಗಳಲ್ಲಿ ಎಲ್ಲ ವಯಸ್ಸಿನ ಮಕ್ಕಳನ್ನೂ ತುಂಬಿಕೊಂಡ ಹಳ್ಳಿಶಾಲೆಗಳು ಇನ್ನೊಂದು ಕಡೆ. ಬುದ್ಧಿವಂತ ಹುಡುಗರು ಪಟ್ಟಣಕ್ಕೆ ಹೋದರೆ ಹಿಂದಿರುಗುತ್ತಿರಲಿಲ್ಲ. 1924ರಲ್ಲಿ ಮಾರಿಸ್ ಒಂದು ಮನವಿಪತ್ರವನ್ನು ಸಿದ್ಧಪಡಿಸಿದನು. ಅದರ ಸಾರ ಸರಳವಾದದ್ದು: ಹಲವು ಹಳ್ಳಿಗಳ ನಡುವೆ ಒಂದರಂತೆ ಕೌಂಟಿಯಲ್ಲಿ ಸುಮಾರು ಹತ್ತು ಗ್ರಾಮ ಕಾಲೇಜುಗಳು ಏಳಬೇಕು. ಅವುಗಳಲ್ಲಿ ಪ್ರೌಢಶಾಲೆಯ ಜೊತೆಗೆ ಗ್ರಂಥಾಲಯ, ಸಭಾಂಗಣ, ವಯಸ್ಕರ ತರಗತಿಗಳು, ಬೇಸಾಯದ ಪಾಠ, ಶಿಶುಗಳ ಆರೋಗ್ಯ ಕೇಂದ್ರ, ಆಟದ ಬಯಲು ಇವೆಲ್ಲ ಒಂದೇ ಆವರಣದಲ್ಲಿರಬೇಕು. ‘ಶಾಲೆ ಬಿಡುವುದು’ ಎಂಬ ಮಾತಿಗೇ ಅರ್ಥವಿಲ್ಲದಂತಾಗಬೇಕು. ಮುಖ್ಯಸ್ಥನನ್ನು ಹೆಡ್‌ಮಾಸ್ಟರ್ ಎನ್ನದೆ ವಾರ್ಡನ್ ಎಂದು ಕರೆದರು. ವಾರ್ಡನ್ ಎಂದೊಡನೆ ನಮಗೆ ಹಾಸ್ಟೆಲಿನ ನೆನಪಾಗುತ್ತದೆ; ಅಲ್ಲಿಯಾದರೋ ಹಗಲಿನ ಮಕ್ಕಳಿಗೂ ಸಂಜೆಯ ಹಿರಿಯರಿಗೂ ಆತನೊಬ್ಬನೇ ಹೊಣೆ.

ಕನಸು ಕಾಣುವ ಅಧಿಕಾರಿಗಳು ಅಪರೂಪ. ಹಣ ಹೊಂದಿಸಬಲ್ಲ ಕನಸುಗಾರರು ಇನ್ನೂ ಅಪರೂಪ. ಮಾರಿಸ್ ಸಿರಿವಂತರ ಬಾಗಿಲು ತಟ್ಟಿದನು, ಧರ್ಮನಿಧಿಗಳಿಗೆ ಪತ್ರ ಬರೆದನು. ಮೊದಲ ಗ್ರಾಮ ಕಾಲೇಜು 1930ರಲ್ಲಿ ಸಾಸ್ಟನ್ನಿನಲ್ಲಿ ತೆರೆಯಿತು. 1937ರಲ್ಲಿ ಬಾಟಿಷಮ್, ಲಿಂಟನ್‌ಗಳು ಸೇರಿದವು. ನಾಲ್ಕನೆಯದೇ ಇಂಪಿಂಗ್ಟನ್. ಪಕ್ಕದ ಹಿಸ್ಟನ್ನಿನಲ್ಲಿ ಹಣ್ಣಿನ ತೋಟ, ಜ್ಯಾಮ್ ಕಾರ್ಖಾನೆಗಳನ್ನಿಟ್ಟಿದ್ದ ಚಿವರ್ಸ್ ಮನೆತನದವರು ಅದಕ್ಕೆ ಜಾಗ ಕೊಟ್ಟರು.

ಇಷ್ಟರಲ್ಲಿ ಜರ್ಮನಿಯಲ್ಲಿ ನಾತ್ಸಿಗಳ ಆಳ್ವಿಕೆ ಬಂದಿತ್ತು. ಬೌಹೌಸ್ ಎಂಬ ಹೆಸರಾಂತ ಕಲಾಶಾಲೆಯನ್ನು ಸ್ಥಾಪಿಸಿದ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ 1934ರಲ್ಲಿ ಇಂಗ್ಲೆಂಡಿಗೆ ಬಂದನು. ದೇಶ ಬಿಟ್ಟು ಬಂದವನಿಗೆ ಅಲ್ಲಿ ಕೆಲಸ ಹೆಚ್ಚಾಗಿ ಸಿಕ್ಕಲಿಲ್ಲ. ಹಳ್ಳಿಯ ಶಾಲೆಯೊಂದರ ನಕ್ಷೆಯನ್ನು ಆತನಿಂದಲೇ ಮಾಡಿಸಬೇಕೆಂದು ಮಾರಿಸ್ ಹಟ ಹಿಡಿದನು. ಗ್ರೋಪಿಯಸ್ ತನ್ನ ಇಂಗ್ಲಿಷ್ ಜೊತೆಗಾರ ಮ್ಯಾಕ್ಸ್‌ವೆಲ್ ಫ್ರೈಯೊಡನೆ ಸೇರಿ ವಿನ್ಯಾಸ ರಚಿಸಿದನು. ಕಟ್ಟಡ ಏಳುವ ಮೊದಲೇ, 1937ರಲ್ಲಿ, ಅಮೆರಿಕದ ಹಾರ್ವರ್ಡಿಗೆ ಹೊರಟುಹೋದನು. ಮುಂದಿನದನ್ನು ಫ್ರೈ ನೋಡಿಕೊಂಡನು. ಈ ಫ್ರೈ ನಮಗೆ ತೀರ ಅಪರಿಚಿತನಲ್ಲ: 1951ರಿಂದ ಮೂರು ವರ್ಷ, ಪತ್ನಿ ಜೇನ್ ಡ್ರೂ ಜೊತೆಯಲ್ಲಿ, ಚಂಡೀಗಢದ ನಿರ್ಮಾಣದಲ್ಲಿ ದುಡಿದವನು ಆತನೇ.

ಕಟ್ಟಡದಲ್ಲಿ ಆಡಂಬರವೇನೂ ಇಲ್ಲ. ಹಳೆಯ ಮರಗಳ ನಡುವೆ, ನೆಲಕ್ಕೆ ಅಂಟಿದಂತೆ ಹರಡಿಕೊಂಡ ಇಟ್ಟಿಗೆಯ ಮನೆ. ಒಂದು ರೆಕ್ಕೆಯಲ್ಲಿ ಸಾಲಾಗಿ ತರಗತಿಗಳು. ಅವುಗಳ ಗಾಜಿನ ಗೋಡೆಯನ್ನು ಮಡಿಸಿ ಸರಿಸಿದರೆ ಪಾಠ ನೇರವಾಗಿ ಹುಲ್ಲುಹಾಸಿಗೆ ಇಳಿಯುತ್ತದೆ. ಮೆಲ್ಲನೆ ಬಾಗಿದ ಇನ್ನೊಂದು ರೆಕ್ಕೆ ಹಿರಿಯರದು: ಓದುವ ಕೋಣೆ, ಹರಟೆಯ ಕೋಣೆ, ಆಟದ ಕೋಣೆ. ಬೀಸಣಿಗೆಯಾಕಾರದ ಸಭಾಂಗಣ ಇಬ್ಬರಿಗೂ ಸೇರಿದ್ದು. ಇವೆಲ್ಲವನ್ನೂ ಕೂಡಿಸುವ ಅಗಲವಾದ ಒಂದು ಹಾದಿಯಿದೆ. ಹಗಲು ಮಕ್ಕಳು ಓಡಿದ ಆ ಹಾದಿಯಲ್ಲಿ ಸಂಜೆ ಅವರ ತಂದೆತಾಯಿಗಳು ನಡೆಯಬೇಕೆಂಬುದು ಉದ್ದೇಶ. ಒಳ್ಳೆಯ ಕಟ್ಟಡದಲ್ಲಿ ದಿನವೂ ಓಡಾಡುವುದೇ ಒಂದು ಶಿಕ್ಷಣವೆಂದು ಮಾರಿಸ್ ದೃಢವಾಗಿ ನಂಬಿದ್ದನು. ಇಂದು ಅದು ಇಂಗ್ಲೆಂಡಿನ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ.

1939ರಲ್ಲಿ ಕಾಲೇಜು ತೆರೆಯಿತು. ಆ ಸೆಪ್ಟೆಂಬರಿನಲ್ಲಿಯೇ ಯುದ್ಧ ಹೊತ್ತಿಕೊಂಡಿತು. ಯುದ್ಧಕ್ಕಿಂತ ಸೂಕ್ಷ್ಮವಾದ ಪೆಟ್ಟು ಬಿದ್ದದ್ದು ಆಮೇಲೆ. 1944ರ ಶಿಕ್ಷಣ ಕಾಯಿದೆಯ ತರುವಾಯ, ಹನ್ನೊಂದರ ವಯಸ್ಸಿನ ಒಂದು ಪರೀಕ್ಷೆಯಿಂದ ಮಕ್ಕಳನ್ನು ಬೇರ್ಪಡಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಬೇರೂರಿತು. ಗೆದ್ದವರು ಗ್ರಾಮರ್ ಶಾಲೆಗೆ ಹೋದರು. ಗ್ರಾಮ ಕಾಲೇಜುಗಳ ಪಾಲಿಗೆ ಬಂದವರು ಉಳಿದವರು. ಹಳ್ಳಿಯ ಪ್ರತಿಭೆ ಪಟ್ಟಣಕ್ಕೆ ಹರಿದುಹೋಗುವುದನ್ನು ತಡೆಯಲೆಂದು ಹುಟ್ಟಿದ ಸಂಸ್ಥೆಯ ಮುಂದೆಯೇ ಆ ಹರಿವು ಸರ್ಕಾರದ ಮುದ್ರೆ ಹೊತ್ತು ಸಾಗಿತು. ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ಆ ಶತಮಾನದ ಮಹಾ ವಾಸ್ತುಶಿಲ್ಪಿಯೊಬ್ಬ ರಚಿಸಿದ ಕಟ್ಟಡ ಪರೀಕ್ಷೆಯಲ್ಲಿ ಆಯ್ಕೆಯಾಗದ ಮಕ್ಕಳ ಮನೆಯಾಯಿತು. ಗೆದ್ದವರಿಗೆ ಅಂಥದು ದೊರೆಯಲಿಲ್ಲ. ಅಧ್ಯಾಪಕನಾಗಿದ್ದ ನನಗೆ ಇದರಿಂದ ಆಗುವ ಸಂತೋಷವನ್ನು ಮುಚ್ಚಿಡಲಾರೆ. 1970ರ ದಶಕದಲ್ಲಿ ಆ ವಿಂಗಡಣೆ ಅಳಿದು, ಇಂಪಿಂಗ್ಟನ್ ಎಲ್ಲ ಮಕ್ಕಳಿಗೂ ತೆರೆದ ಶಾಲೆಯಾಯಿತು. ಮಾರಿಸ್ ಅದನ್ನು ಕಾಣಲಿಲ್ಲ. 1954ರಲ್ಲಿ ನಿವೃತ್ತನಾಗಿ, 1961ರಲ್ಲಿ ತೀರಿಕೊಂಡಿದ್ದನು.

ಆತ ಬಯಸಿ ಕೈಗೂಡದ ಇನ್ನೊಂದು ಸಂಗತಿಯಿದೆ. ಇಂಪಿಂಗ್ಟನ್ನಿಗೆ ಒಂದು ಶಿಲ್ಪ ಬೇಕೆಂದು ಶಿಲ್ಪಿ ಹೆನ್ರಿ ಮೋರ್‌ನನ್ನು ಕೇಳಿದ್ದರು. ಹಿರಿಯರೂ ಮಕ್ಕಳೂ ಒಂದೇ ಸೂರಿನಡಿ ಕಲಿಯುವ ಜಾಗಕ್ಕೆ ಕುಟುಂಬವೇ ತಕ್ಕ ವಸ್ತುವೆಂದು ಮೋರ್‌ಗೆ ಹೊಳೆಯಿತು. ಹಣ ಹುಟ್ಟಲಿಲ್ಲ, ಯೋಜನೆ ಬಿದ್ದುಹೋಯಿತು. ಆದರೆ ಆ ಕಲ್ಪನೆ ಶಿಲ್ಪಿಯ ಮನಸ್ಸನ್ನು ಬಿಡಲಿಲ್ಲ. ಯುದ್ಧ ಮುಗಿದ ಮೇಲೆ, ಸ್ಟೀವನೇಜ್ ಊರಿನ ಬಾರ್ಕ್ಲೇ ಶಾಲೆಗಾಗಿ, ತಂದೆತಾಯಿ ಕುಳಿತು ನಡುವೆ ಮಗುವನ್ನು ಹಿಡಿದಿರುವ ಕಂಚಿನ ‘ಕುಟುಂಬ’ ಮೂಡಿತು. ಅದೇ ಶಿಲ್ಪದ ಬೇರೆ ಎರಕಗಳನ್ನು ಈಗ ಲಂಡನ್ನಿನ ಟೇಟ್ ಸಂಗ್ರಹವೂ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೂ ಕಾಪಾಡಿಕೊಂಡು ಬಂದಿವೆ.