ನಿಮಗಿದು ಗೊತ್ತೆ? ಸಾಕಲು ಯಾವ ಹೆಬ್ಬಾವು?

ಪಾವಗಡ ತಾಲ್ಲೂಕಿನ ನಾಗಲಮಡಿಕೆ, ಉತ್ತರ ಪಿನಾಕಿನಿ ದಡದ ‘ಅಂತ್ಯ ಸುಬ್ರಹ್ಮಣ್ಯ’ ಕ್ಷೇತ್ರ. ಇಲ್ಲಿ ನಾಗನಿಗೆ ಪೂಜೆ ಸಲ್ಲಿಸಲು ಅಡ್ಡಿಯಿಲ್ಲ. ಆದರೆ ಮನೆಯಲ್ಲಿ ಹೆಬ್ಬಾವು ಸಾಕುವ ಆಸೆ ಇದ್ದರೆ ಇಷ್ಟು ತಿಳಿದಿರಲಿ.

● ನಮ್ಮ ಕಾಡಿನ ಹೆಬ್ಬಾವನ್ನು ಸಾಕುವಂತೆಯೇ ಇಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಷೆಡ್ಯೂಲ್ 1ರಲ್ಲಿದೆ. ಹಿಡಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ.

● ವಿದೇಶಗಳಲ್ಲಿ ಹೊಸಬರು ಹೆಚ್ಚಾಗಿ ಆರಿಸುವುದು ಆಫ್ರಿಕಾದ ಬಾಲ್ ಪೈಥಾನ್. ಉದ್ದ 3ರಿಂದ 5 ಅಡಿ, ಸ್ವಭಾವ ಸಾಧು. ಹೆದರಿದರೆ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಹೆಸರು ಬಂದದ್ದೂ ಹೀಗೆ.

● ಆಗ್ನೇಯ ಏಷ್ಯಾದ ರೆಟಿಕ್ಯುಲೇಟೆಡ್ ಪೈಥಾನ್ ಮರಿ ಮುದ್ದಾಗಿ ಕಂಡರೂ 20 ಅಡಿ ಮೀರಿ ಬೆಳೆಯಬಲ್ಲದು. ಒಬ್ಬರ ಕೈಗೆ ಬಗ್ಗುವ ಪ್ರಾಣಿಯಲ್ಲ.

● ಚೆನ್ನಾಗಿ ನೋಡಿಕೊಂಡರೆ ಬಾಲ್ ಪೈಥಾನ್ 20-30 ವರ್ಷ ಬದುಕುತ್ತದೆ.

● 2024ರ ನಿಯಮದಂತೆ, ಇಂಥ ವಿದೇಶಿ ಹಾವು ಇಟ್ಟುಕೊಂಡವರು ಕೇಂದ್ರದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

● ಹೊಲದಲ್ಲಿ ಹೆಬ್ಬಾವು ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಅದಕ್ಕೆ ವಿಷವಿಲ್ಲ, ಆದರೆ ಕಡಿತ ಆಳವಾದ ಗಾಯ ಮಾಡುತ್ತದೆ.