ಅಲ್ಪ ವೆಚ್ಚದಲ್ಲಿ ಕಾರು ತಗ್ಗಿಸುವಿಕೆ: ಉಳಿತಾಯವೋ, ಮುಂದಿನ ಸಾಲವೋ?

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಾಗಲಿ, ಜಿಲ್ಲಾ ಕೇಂದ್ರದ ಗ್ಯಾರೇಜಿನಲ್ಲಾಗಲಿ ಒಂದು ದಿನ ಕುಳಿತರೆ ಯುವ ಗ್ರಾಹಕರ ಒಂದು ಬೇಡಿಕೆ ಕಿವಿಗೆ ಬೀಳದಿರದು: ‘ಗಾಡಿ ಸ್ವಲ್ಪ ಕೆಳಗೆ ಕೂರಬೇಕು, ಖರ್ಚು ಮಾತ್ರ ಹೆಚ್ಚಾಗಬಾರದು.’ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಅಂತರ ಕಿರಿದಾದಾಗ ಕಾರಿಗೆ ಒಂದು ಬಗೆಯ ಗಾಂಭೀರ್ಯ ಬರುವುದೆಂಬುದು ನಿಜ. ಆದರೆ ಅದೇ ಕಾರು ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು, ಹಬ್ಬಕ್ಕೆ ಊರಿಗೂ ಹೋಗಿಬರಬೇಕು. ಈ ಎರಡು ಅಗತ್ಯಗಳನ್ನು ಅಲ್ಪ ವೆಚ್ಚದಲ್ಲಿ ಹೊಂದಿಸಲು ಹೊರಟಾಗ ಗ್ರಾಹಕನ ಸುರಕ್ಷತೆಯೂ ಗ್ಯಾರೇಜಿನ ಹೆಸರೂ ಪಣಕ್ಕೆ ಬೀಳುತ್ತವೆ. ವಾಹನ ವ್ಯವಹಾರದಲ್ಲಿ ತೊಡಗಿರುವ ಸದಸ್ಯ ಬಾಂಧವರು ಈ ವಿಷಯವನ್ನು ತಾಳ್ಮೆಯಿಂದ ಪರಾಮರ್ಶಿಸುವುದು ಉಚಿತ.

ತಗ್ಗಿಸುವುದರಿಂದ ಆಗುವ ಲಾಭವೇನು?

ಕಾರಿನ ಗುರುತ್ವ ಕೇಂದ್ರ ಕೆಳಗಿಳಿದಂತೆ ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ವರ್ಗವಾಗುವ ಭಾರ ಕಡಿಮೆಯಾಗುತ್ತದೆ. ಗುರುತ್ವ ಕೇಂದ್ರ ನೆಲದಿಂದ 550 ಮಿಲಿಮೀಟರ್ ಎತ್ತರದಲ್ಲಿದ್ದು, ಕಾರನ್ನು 30 ಮಿಲಿಮೀಟರ್ ತಗ್ಗಿಸಿದರೆಂದು ಭಾವಿಸೋಣ. ಆಗ ದೊರೆಯುವ ಲಾಭ ಶೇಕಡಾ 5.5ರಷ್ಟು ಮಾತ್ರ. ನಮ್ಮ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆಯಲ್ಲಿ ಕಾರು ತಗ್ಗಿದಂತೆ ಕೆಳಗಿನ ತೋಳುಗಳ ಕೋನವೂ ಬದಲಾಗುತ್ತದೆ. ಅತಿಯಾಗಿ ತಗ್ಗಿಸಿದರೆ ಕಾರು ವಾಲುವ ಪ್ರವೃತ್ತಿ ಕಡಿಮೆಯಾಗುವುದರ ಬದಲು ಹೆಚ್ಚಾಗಲೂಬಹುದು. ಆದ್ದರಿಂದ ದಿನಬಳಕೆಯ ಕಾರಿನಲ್ಲಿ ಇದು ಮುಖ್ಯವಾಗಿ ಅಂದದ ಪ್ರಶ್ನೆಯೆಂದು ಗ್ರಾಹಕನಿಗೆ ಮೊದಲೇ ತಿಳಿಹೇಳುವುದು ಪ್ರಾಮಾಣಿಕ ವ್ಯಾಪಾರದ ಲಕ್ಷಣ.

ಕತ್ತರಿಸಿದ ಸ್ಪ್ರಿಂಗಿನ ಲೆಕ್ಕ

ಅತ್ಯಂತ ಅಗ್ಗದ ಮಾರ್ಗವೆಂದರೆ ಇರುವ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿಬಿಡುವುದು. ಸುರುಳಿ ಸ್ಪ್ರಿಂಗಿನ ಬಿಗಿತವು ಅದರ ಕ್ರಿಯಾಶೀಲ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಆರು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಬಿಗಿತ ಶೇಕಡಾ 20ರಷ್ಟು ಏರುತ್ತದೆ. ಹಾಗಾದರೆ ಒಳ್ಳೆಯದೇ ಆಯಿತಲ್ಲ ಎಂದು ಕೆಲವರು ವಾದಿಸುವುದುಂಟು. ಈ ವಾದದ ದೋಷ ಇಲ್ಲಿದೆ. ಮೊದಲು ಚಕ್ರವು ಮೇಲೇರಲು 80 ಮಿಲಿಮೀಟರ್ ಅವಕಾಶವಿತ್ತು, ತಗ್ಗಿಸಿದ ಮೇಲೆ 40 ಉಳಿಯಿತು ಎಂದಿಟ್ಟುಕೊಳ್ಳಿ. ಅದೇ ಗುಂಡಿಯ ಹೊಡೆತವನ್ನು ಅರ್ಧ ದೂರದಲ್ಲಿ ತಡೆಯಬೇಕಾದರೆ ಸ್ಪ್ರಿಂಗಿನ ಬಿಗಿತ ಸುಮಾರು ನಾಲ್ಕು ಪಟ್ಟಾಗಬೇಕು. ದೊರೆತಿರುವುದು ಶೇಕಡಾ 20 ಮಾತ್ರ. ಉಳಿದ ಹೊಡೆತವನ್ನು ಬಂಪ್ ಸ್ಟಾಪಿನ ರಬ್ಬರು, ಶಾಕ್ ಅಬ್ಸಾರ್ಬರ್, ಸ್ಟ್ರಟ್ ಮೌಂಟ್ ಮತ್ತು ಕೊನೆಗೆ ಕಾರಿನ ಕವಚವೇ ಹೊರಬೇಕಾಗುತ್ತದೆ.

ಇದಕ್ಕಿಂತಲೂ ಗಂಭೀರವಾದ ಅಪಾಯ ಮತ್ತೊಂದಿದೆ. ಚಕ್ರವು ಗುಂಡಿಗೆ ಇಳಿದಾಗ ಅಥವಾ ಕಾರನ್ನು ಜಾಕ್ ಮೇಲೆ ಎತ್ತಿದಾಗ ಮೋಟಾದ ಸ್ಪ್ರಿಂಗ್ ತನ್ನ ಆಸನದಿಂದ ಸಡಿಲಗೊಂಡು ಜಾರಬಹುದು. ತಯಾರಕರು ಸ್ಪ್ರಿಂಗಿನ ತುದಿಯನ್ನು ಆಸನಕ್ಕೆ ಒಪ್ಪುವಂತೆ ರೂಪಿಸಿರುತ್ತಾರೆ. ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಇನ್ನು ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಸ್ಪ್ರಿಂಗನ್ನು ಕುಗ್ಗಿಸುವ ಪದ್ಧತಿಯನ್ನಂತೂ ಸಂಪೂರ್ಣವಾಗಿ ಕೈಬಿಡಬೇಕು. ಕಾಯಿಸಿದಾಗ ಉಕ್ಕಿಗೆ ಕೊಟ್ಟಿದ್ದ ಹದ ಕೆಡುತ್ತದೆ. ಅಂತಹ ಸ್ಪ್ರಿಂಗ್ ದಿನದಿಂದ ದಿನಕ್ಕೆ ಕುಸಿಯುತ್ತದೆ ಅಥವಾ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ.

ರಸ್ತೆ ಉಬ್ಬುಗಳ ಗಣಿತ

2005ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಮಾರುತಿ ಸ್ವಿಫ್ಟ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್, ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ಅಂತರ 2390 ಮಿಲಿಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ವಕ್ರತೆಯ ತ್ರಿಜ್ಯ 17 ಮೀಟರ್. ಇಂತಹ ಉಬ್ಬಿನ ಮೇಲೆ ಕಾರಿನ ನಾಲ್ಕೂ ಚಕ್ರಗಳು ನಿಂತಾಗ ನಡುವಣ ಭಾಗದಲ್ಲಿ ಸುಮಾರು 42 ಮಿಲಿಮೀಟರ್ ಅಂತರ ನಷ್ಟವಾಗುತ್ತದೆ.

170 ಎಂಬುದು ಖಾಲಿ ಕಾರಿನ ಅಳತೆಯೆಂದೂ, ನಾಲ್ವರು ಪ್ರಯಾಣಿಕರು ಮತ್ತು ಸಾಮಾನಿನ ಭಾರಕ್ಕೆ ಕಾರು 40 ಮಿಲಿಮೀಟರ್ ಕುಸಿಯುವುದೆಂದೂ ಭಾವಿಸಿದರೆ ಉಳಿಯುವುದು 130. ಮೊದಲೇ 40 ಮಿಲಿಮೀಟರ್ ತಗ್ಗಿಸಿದ್ದರೆ ಉಳಿಯುವುದು 90. ಮಾರ್ಗಸೂಚಿಯಂತೆ ಕಟ್ಟಿದ ಉಬ್ಬನ್ನು ಆ ಕಾರು ದಾಟೀತು. ಆದರೆ ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ತಲೆಯೆತ್ತುವ ಕಿರಿದಾದ ಉಬ್ಬುಗಳಿಗೆ ಯಾವ ತ್ರಿಜ್ಯವೂ ಇಲ್ಲ. 120 ಮಿಲಿಮೀಟರ್ ಎತ್ತರದ ಅಂತಹ ಒಂದು ಉಬ್ಬು ಎರಡು ಚಕ್ರಗಳ ನಡುವೆ ಬಂದರೆ ಮೂಲ ಕಾರು ಕೂದಲೆಳೆಯಲ್ಲಿ ಪಾರಾಗುತ್ತದೆ. ತಗ್ಗಿಸಿದ ಕಾರಿನ ಸೈಲೆನ್ಸರ್ ಅಥವಾ ತಳಭಾಗ ಉಜ್ಜಿಯೇ ತೀರುತ್ತದೆ. ಎಂಜಿನ್ನಿನ ಆಯಿಲ್ ಚೇಂಬರ್ ಒಡೆದರೆ ಉಳಿಸಿದ ಹಣವೆಲ್ಲ ಒಂದೇ ದಿನದಲ್ಲಿ ಕರಗಿಹೋಗುತ್ತದೆ.

ಕಾಣದ ವೆಚ್ಚಗಳು

ಎತ್ತರ ಬದಲಾದೊಡನೆ ಚಕ್ರಗಳ ಕೋನಗಳೂ ಬದಲಾಗುತ್ತವೆ. ಟೋ ಎಂಬ ಕೋನವನ್ನು ಅಲೈನ್‌ಮೆಂಟ್ ಮಾಡಿಸಿ ಸರಿಪಡಿಸಬಹುದು. ಕ್ಯಾಂಬರ್ ಎಂಬ ಓರೆಯನ್ನು ಸರಿಪಡಿಸುವ ಅವಕಾಶ ಅನೇಕ ಸಣ್ಣ ಕಾರುಗಳಲ್ಲಿ ಇರುವುದಿಲ್ಲ. ಪರಿಣಾಮವಾಗಿ ಟೈರಿನ ಒಳಅಂಚು ಸವೆಯುತ್ತದೆ. ಹೊರಗಿನಿಂದ ನೋಡುವವರಿಗೆ ಟೈರು ಹೊಸದರಂತೆಯೇ ಕಾಣುತ್ತದೆ. 40,000 ಕಿಲೋಮೀಟರ್ ಬರಬೇಕಾದ ಟೈರು 20,000ಕ್ಕೇ ಮುಗಿದರೆ ಪ್ರತಿ ಕಿಲೋಮೀಟರಿನ ಟೈರು ವೆಚ್ಚ ಇಮ್ಮಡಿಯಾಯಿತೆಂದೇ ಅರ್ಥ. ಮುಂಭಾಗ ಮತ್ತು ಹಿಂಭಾಗ ಸಮನಾಗಿ ತಗ್ಗದಿದ್ದರೆ ಹೆಡ್‌ಲೈಟಿನ ಬೆಳಕು ಬೀಳುವ ಜಾಗವೂ ಬದಲಾಗುವುದರಿಂದ ಅದನ್ನು ಮರುಹೊಂದಿಸಬೇಕು.

ಕಾನೂನಿನ ನಿಲುವು

ಮೋಟಾರು ವಾಹನಗಳ ಅಧಿನಿಯಮ 1988ರ 52ನೇ ಕಲಮು ವಾಹನ ಮಾರ್ಪಾಡನ್ನು ನಿಯಂತ್ರಿಸುತ್ತದೆ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಜನವರಿ 2019ರಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸ್ಪ್ರಿಂಗಿನ ಎತ್ತರ ನೋಂದಣಿ ಪತ್ರದಲ್ಲಿ ಇಲ್ಲವಲ್ಲ ಎಂಬ ಜಾಣ ಉತ್ತರವನ್ನು ನಂಬಿ ಕೂರುವುದು ವಿವೇಕವಲ್ಲ. ಪ್ರಾದೇಶಿಕ ಸಾರಿಗೆ ಕಚೇರಿ ಮತ್ತು ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆದ ನಂತರವೇ ಕೆಲಸ ಆರಂಭಿಸುವುದು ಕ್ಷೇಮ. ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ನಂತರ ಪರಿಹಾರದ ಹಕ್ಕಿಗೇ ಕುತ್ತು ತರಬಹುದು.

ಹಣ ಕಡಿಮೆಯಿದ್ದರೆ ಯಾವ ಕ್ರಮ?

ಇಂತಹ ಗ್ರಾಹಕನಿಗೆ ಗ್ಯಾರೇಜಿನವರು ಈ ಕೆಳಗಿನ ಕ್ರಮವನ್ನು ಸೂಚಿಸಬಹುದು.

ಮೊದಲನೆಯದಾಗಿ, ಇರುವ ಸಸ್ಪೆನ್ಷನ್ನಿನ ಆರೋಗ್ಯ ಪರೀಕ್ಷಿಸಬೇಕು. ಸೋರುವ ಶಾಕ್ ಅಬ್ಸಾರ್ಬರ್, ಸವೆದ ಬುಷ್, ಶಬ್ದ ಮಾಡುವ ಸ್ಟ್ರಟ್ ಮೌಂಟ್ ಬದಲಾಯಿಸಿದರೆ ಕಾರಿನ ಹಿಡಿತ ಎಷ್ಟೋ ಸುಧಾರಿಸಿ, ತಗ್ಗಿಸುವ ಬಯಕೆಯೇ ಕೆಲವೊಮ್ಮೆ ತಣಿಯುತ್ತದೆ.

ಎರಡನೆಯದಾಗಿ, ಅಂದವೇ ಉದ್ದೇಶವಾದರೆ ತಯಾರಕರು ಆ ಮಾದರಿಗೆ ಒಪ್ಪಿರುವ ದೊಡ್ಡ ಅಳತೆಯ ರಿಮ್ ಮತ್ತು ಅದಕ್ಕೆ ತಕ್ಕ ಟೈರನ್ನು ಆಯ್ದುಕೊಳ್ಳಬಹುದು. ಚಕ್ರದ ಒಟ್ಟು ವ್ಯಾಸ ಬದಲಾಗದಂತೆ ನೋಡಿಕೊಂಡರೆ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ.

ಮೂರನೆಯದಾಗಿ, ಕಾನೂನಿನ ಅನುಮತಿ ದೊರೆತು ತಗ್ಗಿಸಲೇಬೇಕಾದರೆ ಆ ಮಾದರಿಗೆಂದೇ ತಯಾರಾದ ಸ್ಪ್ರಿಂಗುಗಳನ್ನು ಹಾಕಿ, ತಗ್ಗನ್ನು 25ರಿಂದ 30 ಮಿಲಿಮೀಟರಿಗೆ ಸೀಮಿತಗೊಳಿಸಬೇಕು. ಹೊಸ ಬಂಪ್ ಸ್ಟಾಪ್, ಉತ್ತಮ ಸ್ಥಿತಿಯ ಶಾಕ್ ಅಬ್ಸಾರ್ಬರ್ ಮತ್ತು ಅಲೈನ್‌ಮೆಂಟ್ ವೆಚ್ಚವನ್ನು ಆರಂಭದ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು. ಇಷ್ಟಕ್ಕೆ ಹಣ ಸಾಲದಿದ್ದರೆ ಕಾಯುವುದೇ ಲೇಸು. ಹಳೆಯ ಸ್ಪ್ರಿಂಗುಗಳನ್ನು ಗುಜರಿಗೆ ಹಾಕದೆ ಗ್ರಾಹಕನಿಗೆ ಹಿಂದಿರುಗಿಸಿದರೆ ಮುಂದೆ ಮೂಲ ಸ್ಥಿತಿಗೆ ಮರಳಲು ಅನುಕೂಲವಾಗುತ್ತದೆ.

ಬೇಡವೆನ್ನುವ ಧೈರ್ಯ

ಸ್ಪ್ರಿಂಗ್ ಕತ್ತರಿಸುವ ಕೆಲಸದಿಂದ ಗ್ಯಾರೇಜಿಗೆ ಬರುವ ಕೂಲಿ ಅಲ್ಪ. ಹೊರಬೇಕಾದ ಹೊಣೆ ಅಪಾರ. ‘ನಾವು ಮಾಡದಿದ್ದರೆ ಪಕ್ಕದವರು ಮಾಡುತ್ತಾರೆ’ ಎಂಬ ಮಾತು ನಮ್ಮ ವ್ಯಾಪಾರದಲ್ಲಿ ಹಳೆಯದು. ಆದರೆ ಈ ಕೆಲಸ ಬೇಡವೆಂದು ಕಾರಣಸಹಿತ ವಿವರಿಸಿದ ಮೆಕ್ಯಾನಿಕ್ಕನ ಬಳಿಗೆ ಅದೇ ಗ್ರಾಹಕ ಮುಂದಿನ ಸರ್ವೀಸಿಗೆ ತಂದೆಯ ಕಾರನ್ನೂ ತರುವ ಸಂಭವವುಂಟು. ವಿಶ್ವಾಸವೇ ಬಂಡವಾಳವಾಗಿರುವ ಕಸುಬಿನಲ್ಲಿ ಒಂದು ಸುತ್ತು ಸ್ಪ್ರಿಂಗಿಗಾಗಿ ಅದನ್ನು ಕತ್ತರಿಸಿಕೊಳ್ಳಬಾರದು.