ಐವತ್ತಕ್ಕೂ ಎಪ್ಪತ್ತಕ್ಕೂ ಒಂದೇ ಪಂದ್ಯವೇ?

ಮೈಸೂರಿನ ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುವ ಪದ್ಧತಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಅನುಭವಸ್ಥರಾದ ಉಸ್ತಾದರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು, ತೂಕ, ಪಟ್ಟುಗಳ ಪರಿಚಯ ಎಲ್ಲವನ್ನೂ ಅಳೆದು, ಇಂಥವನಿಗೆ ಇಂಥವನೇ ಜೋಡಿ ಎಂದು ನಿಶ್ಚಯಿಸುತ್ತಾರೆ. ಜೋಡಿ ತಪ್ಪಿದರೆ ಗೆದ್ದವನಿಗೆ ಕೀರ್ತಿಯಿಲ್ಲ, ಸೋತವನಿಗೆ ಸಮಾಧಾನವಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ನಡುವಯಸ್ಸು ದಾಟಿದ ಹವ್ಯಾಸಿಗಳಿಗಾಗಿ ಸೈಕಲ್ ಪಂದ್ಯಗಳನ್ನು ಏರ್ಪಡಿಸುವವರನ್ನು ಬಹುಕಾಲದಿಂದ ಕಾಡುತ್ತಿರುವುದೂ ಈ ಜೋಡಿ ಕಟ್ಟುವ ಸಮಸ್ಯೆಯೇ.

ಬೆನ್ನ ಮರೆಯ ಬೆಲೆ

ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸಾಗುವ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದರಲ್ಲಿಯೇ ವ್ಯಯವಾಗುತ್ತದೆ. ಗುಂಪಿನಲ್ಲಿ ಮತ್ತೊಬ್ಬನ ಬೆನ್ನ ಮರೆಯಲ್ಲಿ ಸಾಗುವವನಿಗೆ ಈ ಶ್ರಮದಲ್ಲಿ ಸುಮಾರು ಕಾಲುಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಉಳಿತಾಯ. ಗುಂಪಿನಿಂದ ಒಮ್ಮೆ ಕಳಚಿಕೊಂಡರೆ ಆ ಮರೆಯೂ ಹೋಯಿತು. ಉಳಿದ ದಾರಿಯನ್ನೆಲ್ಲ ಏಕಾಂಗಿಯಾಗಿ ತುಳಿಯಬೇಕು. 65ರ ಹಿರಿಯರನ್ನು 40ರವರೊಡನೆ ಬಿಟ್ಟರೆ, ಮೊದಲ ಏರಿನಲ್ಲಿಯೇ ಅವರ ಪಾಲಿಗೆ ಪಂದ್ಯ ಮುಗಿದಂತೆ. ಹೀಗೆ ನಾಲ್ಕು ಭಾನುವಾರ ಕಳೆದರೆ ಐದನೆಯ ಭಾನುವಾರ ಅವರು ಬರುವುದೇ ಇಲ್ಲ.

ಹುಟ್ಟಿದ ವರ್ಷದ ಲೆಕ್ಕ

ಎಲ್ಲಕ್ಕಿಂತ ಸರಳವಾದ ಉಪಾಯ ವಯಸ್ಸಿನದು. ಬ್ರಿಟನ್ನಿನ ಲೀಗ್ ಆಫ್ ವೆಟರನ್ ರೇಸಿಂಗ್ ಸೈಕ್ಲಿಸ್ಟ್ಸ್ ಸಂಸ್ಥೆಯು ಐದೈದು ವರ್ಷಗಳ ಅಂತರದಲ್ಲಿ ಸವಾರರನ್ನು ವಿಂಗಡಿಸುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಪಂದ್ಯದ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆದರೆ ಬರುವುದೇ ಸ್ಪರ್ಧಿಯ ವಯಸ್ಸು. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಒಂದು ವಿನೋದವೂ ಉಂಟು: ಲೋಕವೆಲ್ಲ ವಯಸ್ಸಾಯಿತೆಂದು ಕೊರಗುವಾಗ, 54ರ ಸವಾರ ಮಾತ್ರ ಹೊಸ ವರ್ಷವನ್ನು ಹಬ್ಬದಂತೆ ಎದುರುನೋಡುತ್ತಾನೆ. ಮುಂದಿನ ಗುಂಪಿನಲ್ಲಿ ಅವನೇ ಕಿರಿಯನಲ್ಲವೇ!

ಆದರೆ ದೇಹಕ್ಕೆ ಪಂಚಾಂಗ ತಿಳಿಯದು. ಬಾಲ್ಯದಿಂದ ಸೈಕಲ್ ತುಳಿದವರೂ ವೈದ್ಯರ ಸಲಹೆಯ ಮೇರೆಗೆ ಹೋದ ವರ್ಷ ಆರಂಭಿಸಿದವರೂ 55ನ್ನು ಒಟ್ಟಿಗೇ ಮುಟ್ಟಬಹುದು. ಮೇಲಾಗಿ, 75 ದಾಟಿದವರಲ್ಲಿ ಇಬ್ಬರು ಮೂವರು ಮಾತ್ರ ಬಂದರೆ ಅವರಿಗಾಗಿ ಬೇರೆ ಪಂದ್ಯ ನಡೆಸುವುದೆಂತು? ಎರಡು ಗುಂಪುಗಳನ್ನು ಜೊತೆಗೇ ಹೊರಡಿಸಿ ಬಹುಮಾನಗಳನ್ನು ಮಾತ್ರ ಬೇರೆಬೇರೆಯಾಗಿ ಕೊಡುವುದೇ ಆಗ ಉಳಿಯುವ ದಾರಿ.

ಶಕ್ತಿಗೆ ತಕ್ಕ ದರ್ಜೆ

ಆಸ್ಟ್ರೇಲಿಯದ ಹಿರಿಯರ ಕ್ಲಬ್ಬುಗಳಲ್ಲಿ ವಯಸ್ಸನ್ನು ಕೇಳದೆ, ಶಕ್ತಿಯನ್ನು ನೋಡಿ ಎ, ಬಿ, ಸಿ, ಡಿ ಎಂದು ದರ್ಜೆ ಕಟ್ಟುವ ರೂಢಿಯುಂಟು. ಸಮಬಲರು ಒಟ್ಟಿಗೆ ಸಾಗುವುದರಿಂದ ಕೊನೆಯ ತಿರುವಿನವರೆಗೂ ಕುತೂಹಲ ಉಳಿಯುತ್ತದೆ. ದೋಷ ಇಲ್ಲಿಯೂ ಇದೆ. ಸುಲಭವಾಗಿ ಗೆಲ್ಲುವ ಆಸೆಯಿಂದ ತನ್ನ ಬಲವನ್ನು ಮರೆಮಾಚಿ ಕೆಳದರ್ಜೆಯಲ್ಲಿಯೇ ಉಳಿಯುವ ಚತುರರಿಗೆ ಕೊರತೆಯಿಲ್ಲ. ಗೆದ್ದವರನ್ನು ಮೇಲಿನ ದರ್ಜೆಗೆ ಏರಿಸುವುದೊಂದೇ ಇದಕ್ಕೆ ಮದ್ದು. ನಿಧಾನಗತಿಯವರನ್ನು ಮೊದಲು ಹೊರಡಿಸಿ, ಬಲಿಷ್ಠರನ್ನು ಕೊನೆಗೆ ಬಿಡುವ ಹ್ಯಾಂಡಿಕ್ಯಾಪ್ ಕ್ರಮವೂ ಅಲ್ಲಿ ಪ್ರಸಿದ್ಧ. 1895ರಲ್ಲಿ ಆರಂಭವಾದ ಮೆಲ್ಬರ್ನ್–ವಾರ್ನಂಬೂಲ್ ಪಂದ್ಯ ದೀರ್ಘಕಾಲ ಈ ಕ್ರಮದಲ್ಲಿಯೇ ನಡೆಯಿತು.

ಒಬ್ಬೊಬ್ಬರಾಗಿ ಹೊರಟು ಗಡಿಯಾರದೊಡನೆ ಸೆಣಸುವ ಟೈಮ್ ಟ್ರಯಲ್‌ನಲ್ಲಿ ಬೆನ್ನ ಮರೆಯ ಪ್ರಶ್ನೆಯಿಲ್ಲ. ಬರಿಯ ಅಂಕಗಣಿತವೇ ಸಾಕು. ಬ್ರಿಟನ್ನಿನ ವೆಟರನ್ಸ್ ಟೈಮ್ ಟ್ರಯಲ್ಸ್ ಅಸೋಸಿಯೇಷನ್ ಪ್ರತಿ ವಯಸ್ಸಿಗೂ, ಪ್ರತಿ ದೂರಕ್ಕೂ ಒಂದು ಪ್ರಮಾಣಕಾಲವನ್ನು ಗೊತ್ತುಮಾಡಿದೆ. ಅದಕ್ಕಿಂತ ಎಷ್ಟು ನಿಮಿಷ ಮುಂಚೆ ಮುಟ್ಟಿದರೆಂಬುದೇ ಎಣಿಕೆ. ಹೀಗಾಗಿ 75ರ ಅಜ್ಜನವರು 45ರ ಸವಾರನನ್ನು ಸೋಲಿಸುವುದು ಅಲ್ಲಿ ಅಸಾಧ್ಯವೇನಲ್ಲ.

ಜೋಡಿಯಿಲ್ಲದ ಪೈಲ್ವಾನ

1911ರಲ್ಲಿ ಜನಿಸಿದ ಫ್ರಾನ್ಸಿನ ರಾಬರ್ಟ್ ಮಾರ್ಷಾನ್ 2012ರಲ್ಲಿ, ತಮ್ಮ ನೂರನೆಯ ವಯಸ್ಸಿನಲ್ಲಿ, ಒಂದು ಗಂಟೆಯಲ್ಲಿ 24.25 ಕಿಲೋಮೀಟರು ಕ್ರಮಿಸಿದರು. 2014ರಲ್ಲಿ ಆ ದೂರ 26.927ಕ್ಕೆ ಏರಿತು! 2017ರಲ್ಲಿ, 105ರಲ್ಲಿ, 22.547 ಕಿಲೋಮೀಟರು ತುಳಿದಾಗ ಅವರಿಗೆಂದೇ ಹೊಸದೊಂದು ವರ್ಗವನ್ನು ನಿರ್ಮಿಸಬೇಕಾಯಿತು. 2021ರಲ್ಲಿ, 109ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರಿಗೆ ಜೋಡಿ ಕಟ್ಟಲು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಉಳಿದ ಹಿರಿಯರಿಗೆ ಆ ಕೊರತೆಯಿಲ್ಲ. ಪದಕದ ಪಂದ್ಯಕ್ಕೆ ವಯಸ್ಸಿನ ಲೆಕ್ಕ, ಪ್ರತಿವಾರದ ಪಂದ್ಯಕ್ಕೆ ಶಕ್ತಿಯ ಲೆಕ್ಕ ಎಂಬುದು ಉಚಿತವಾಗಿ ಕಾಣುತ್ತದೆ. ಮನೆಯಿಂದ ಹೊರಡುವಾಗ "ಇಂದು ಗೆದ್ದರೂ ಗೆದ್ದೇನು" ಎಂಬ ಆಸೆಯನ್ನು ಯಾವ ವಿಂಗಡಣೆ ಉಳಿಸುವುದೋ ಅದೇ ನ್ಯಾಯವಾದ ವಿಂಗಡಣೆ. ಆ ಆಸೆಯಿದ್ದರೆ ಐದನೆಯ ಭಾನುವಾರವೂ ಹಿರಿಯರು ಬಂದೇ ಬರುತ್ತಾರೆ.